ಒಳಗೆ ಜನರಿದ್ದಾರೆ, ಆಮೇಲೆ ಬನ್ನಿ

ಚಳ್ಳಕೆರೆಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ರಿಪೇರಿ ಎಂದರೆ ಬಹುಪಾಲು ಪ್ರಿಂಟರಿಗೆ ಇಂಕು ತುಂಬಿಸುವುದು, ಕೀಬೋರ್ಡಿನ ಸಂದಿಯಲ್ಲಿ ಸಿಕ್ಕಿಕೊಂಡ ಶೇಂಗಾ ಸಿಪ್ಪೆ ಕೊಡವುವುದು. ಎಣ್ಣೆ ಮಿಲ್ಲುಗಳ ಊರಾದ್ದರಿಂದ ನನ್ನ ಬಳಿ ಬರುವ ಮೌಸುಗಳೂ ಕೊಂಚ ಜಿಡ್ಡಾಗಿಯೇ ಇರುತ್ತವೆ. ಆದರೂ ಯಾರಾದರೂ ಏನು ಕೆಲಸ ಎಂದು ಕೇಳಿದರೆ "ನೆಟ್‌ವರ್ಕಿಂಗ್" ಎನ್ನುತ್ತೇನೆ. ಹಾಗೆನ್ನಲು ನನಗಿರುವ ಆಧಾರ ಒಂದೇ, ನಾನೊಂದು ಸರ್ವರ್ ನಡೆಸುತ್ತೇನೆ. ಅದಕ್ಕೆ ಬರುವವರು ಇಬ್ಬರು. ಒಬ್ಬಳು ನನ್ನ ಹೆಂಡತಿ, ಇನ್ನೊಬ್ಬಳು ಮೊಳಕಾಲ್ಮೂರಿನಲ್ಲಿರುವ ನನ್ನ ಅಕ್ಕ.

ಅಕ್ಕನ ಗಂಡನ ಮನೆಯವರು ರೇಷ್ಮೆ ಸೀರೆ ನೇಯುವವರು. ಮದುವೆಯಾಗಿ ಹೋದ ಮೇಲೆ ಅಕ್ಕನೂ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತು ನೇಯುವುದನ್ನು ಕಲಿತು, ಕೈ ಓಡಿಸುವುದರಲ್ಲಿ ಬಾವನನ್ನೇ ಮೀರಿಸಿದ್ದಳು. ಹೋದ ವರ್ಷ ಅವಳು ಇದ್ದಕ್ಕಿದ್ದಂತೆ ಒಂದು ಮಗ್ಗಕ್ಕೆ ಕಂಪ್ಯೂಟರ್ ಜಕಾರ್ಡ್ ಹಾಕಿಸಲೇಬೇಕೆಂದು ಹಟ ಹಿಡಿದಳು. ಮಗ್ಗದ ಮೇಲೆ ತೂಗುವ ರಟ್ಟಿನ ಕಾರ್ಡುಗಳ ಬದಲು ಒಂದು ಪೆಟ್ಟಿಗೆ, ಅದಕ್ಕೊಂದು ಕಂಪ್ಯೂಟರ್. ಕಂಪ್ಯೂಟರಿಗೆ ಡಿಸೈನ್ ಫೈಲು ಕೊಟ್ಟರೆ ಯಾವ ಎಳೆ ಏಳಬೇಕು, ಯಾವುದು ಬೀಳಬೇಕು ಎಂದು ಪೆಟ್ಟಿಗೆಯೇ ನೋಡಿಕೊಳ್ಳುತ್ತದೆ. ಬಾವ ಒಪ್ಪಲಿಲ್ಲ. "ನನ್ನ ತಮ್ಮ ಅವ್ನೆ, ಅವನಿಗೆ ಇದೆಲ್ಲಾ ಗೊತ್ತೈತೆ" ಎಂದು ಅಕ್ಕ ಅಂದಿದ್ದಳಂತೆ. ಆ ಮಾತು ನನ್ನ ಕಿವಿಗೆ ಬಿದ್ದ ದಿನದಿಂದ ನನ್ನ ನಡಿಗೆಯೇ ಬದಲಾಯಿತೆಂದು ಹೆಂಡತಿ ಹೇಳುತ್ತಾಳೆ. ಕೊನೆಗೆ ಬಾವ ಒಂದು ಷರತ್ತಿನ ಮೇಲೆ ಒಪ್ಪಿದ. ಆ ಪೆಟ್ಟಿಗೆಯಿಂದ ಒಂದೇ ಒಂದು ಮದುವೆ ಸೀರೆ ತಡವಾದರೂ ಅದನ್ನು ಮಾರಿ ಮತ್ತೆ ರಟ್ಟಿನ ಕಾರ್ಡಿಗೇ ಹೋಗುವುದು. ಅಲ್ಲಿಂದಾಚೆಗೆ ಅಕ್ಕ ಮಗ್ಗ ಬಿಟ್ಟು ಕಂಪ್ಯೂಟರಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಳು. ಪೆಟ್ಟಿಗೆ ಹೋದರೆ ಆ ಕುರ್ಚಿಯೂ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಡಿಸೈನ್ ಬರೆಯುವವಳು ನನ್ನ ಹೆಂಡತಿ. ಬರೆದದ್ದು ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗಬೇಕು. ಇದಕ್ಕೆ ಫೋನಿನಲ್ಲಿ ಕಳಿಸಿದರೂ ಸಾಕು, ಇಮೇಲಾದರೂ ಸಾಕು. ಅದೂ ಬೇಡವೆಂದರೆ ಬಸ್ ಸ್ಟ್ಯಾಂಡಿಗೆ ಹೋಗಿ ಕಂಡಕ್ಟರ್ ಕೈಗೆ ಪೆನ್‌ಡ್ರೈವ್ ಕೊಟ್ಟರೆ ಮೊಸರಿನ ಡಬ್ಬಿ, ಮಾತ್ರೆ ಚೀಟಿಗಳ ಜೊತೆ ಅದೂ ಕ್ಷೇಮವಾಗಿ ತಲುಪುತ್ತದೆ. ಆದರೆ ಅಷ್ಟು ಸುಲಭದ ದಾರಿಯಲ್ಲಿ ನನ್ನ ಜಾಣತನಕ್ಕೆ ಜಾಗವೆಲ್ಲಿ? ಬ್ರಾಡ್‌ಬ್ಯಾಂಡಿನವರಿಂದ ಬದಲಾಗದ ವಿಳಾಸವೊಂದನ್ನು ಪಡೆದು, ಅಂಗಡಿಯ ಹಳೆಯ ಕಂಪ್ಯೂಟರಿನಲ್ಲಿ ಫೈಲು ಸಿಂಕ್ ಮಾಡುವ ಸರ್ವರ್ ಪ್ರೋಗ್ರಾಮು ಕೂರಿಸಿದೆ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ.

ಆ ಪ್ರೋಗ್ರಾಮು ಹಗಲಿರುಳೂ ಬಾಗಿಲ ಬಳಿ ಕೂತಿರುತ್ತದೆ. ಹೊರಗಿನ ಕಂಪ್ಯೂಟರ್ ಬಂದು ತಟ್ಟಿದರೆ ಮೊದಲು ತನ್ನ ಪರಿಚಯ ಹೇಳುತ್ತದೆ. ಬಂದವರು ತಮ್ಮದನ್ನು ಹೇಳಬೇಕು, ಯಾವ ಫೋಲ್ಡರು ಬೇಕೆಂದು ಕೇಳಬೇಕು, ಪಾಸ್‌ವರ್ಡು ಸರಿಯಿದ್ದರೆ ಒಳಗೆ. ಆಮೇಲೆ ಎರಡೂ ಕಡೆಯವರು ತಮ್ಮಲ್ಲಿರುವ ಫೈಲುಗಳನ್ನು ಹೋಲಿಸಿಕೊಂಡು ಬದಲಾದ ತುಂಡನ್ನು ಮಾತ್ರ ಕಳಿಸುತ್ತಾರೆ. ಸೆರಗಿನಲ್ಲಿ ಒಂದು ಹೂವು ಬದಲಾದರೆ ಆ ಹೂವಷ್ಟೇ ಮೊಳಕಾಲ್ಮೂರಿಗೆ ಹೋಗುತ್ತದೆ. ಇದನ್ನು ನಾನು ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ವಿವರಿಸಿದೆ. ಒಬ್ಬರು ಪೂರ್ತಿ ಕೇಳಿ, "ಎಲ್ಲಾ ಸರಿ ಸಾರ್, ನಮ್ಮ ಪ್ರಿಂಟರ್ ಆತಾ?" ಅಂದರು.

ಮೊದಲು ಒಂದು ಅವಾಂತರವಾಯಿತು. ಹೆಂಡತಿ ಮನೆಯಿಂದ ಹೊಸ ಡಿಸೈನನ್ನು ಸರ್ವರಿಗೆ ಹಾಕುತ್ತಿದ್ದಾಗಲೇ ಅಕ್ಕ ಅತ್ತಲಿಂದ ಇಳಿಸಿಕೊಂಡಳು. ಡಿಸೈನು ನಾಲ್ಕಾರು ಫೈಲುಗಳಲ್ಲಿ ಇರುತ್ತದೆ. ಅರ್ಧ ಹೊಸದು ಹೋಯಿತು, ಅರ್ಧ ಹಳೆಯದೇ ಉಳಿಯಿತು. ಮಗ್ಗದ ಮೇಲೆ ಗಿಳಿಯ ಮೈಗೆ ಹಂಸದ ಕತ್ತು ಮೂಡಿತು. ನಾಲ್ಕು ಬೆರಳಷ್ಟು ನೇಯ್ದ ಮೇಲೆ ಕಣ್ಣಿಗೆ ಬಿದ್ದು, ಅಷ್ಟನ್ನೂ ಬಿಚ್ಚಿದರು. ನಾನು ಕೂಡಲೇ ಸರ್ವರಿಗೆ ಶಿಸ್ತು ಕಲಿಸಿದೆ. ಒಂದು ಸಲಕ್ಕೆ ಒಂದೇ ಕನೆಕ್ಷನ್, ಒಬ್ಬರು ಒಳಗಿರುವಾಗ ಇನ್ನೊಬ್ಬರಿಗೆ ಪ್ರವೇಶವಿಲ್ಲ.

ಅಲ್ಲಿಗೆ ನಿಲ್ಲಿಸಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಮಾತಿಲ್ಲದೆ ಸುಮ್ಮನಿರುವ ಕನೆಕ್ಷನ್ನನ್ನು ಇಂತಿಷ್ಟು ಹೊತ್ತಾದ ಮೇಲೆ ಇದ್ದೀಯಾ ಎಂದು ಕೇಳಿ, ಉತ್ತರ ಬಾರದಿದ್ದರೆ ಕಡಿದುಹಾಕು ಎಂದು ಸರ್ವರಿಗೆ ಹೇಳಿಡಬಹುದು. ಅಕ್ಕನ ಕಡೆಯ ಲೈನು ನಿಧಾನದ್ದು, ಮನೆಗೆ ಬಂದವರಿಗೆ ಆತುರ ಮಾಡಬಾರದು ಎಂದು ಆ ಸೂಚನೆಯನ್ನೇ ತೆಗೆದುಹಾಕಿದೆ. ಇನ್ನು ಬಾಗಿಲಲ್ಲಿ ತಡೆದಾಗ ಸರ್ವರು ಇಂಗ್ಲಿಷಿನಲ್ಲಿ ಒರಟಾಗಿ ಏನೋ ಹೇಳುತ್ತಿತ್ತು. ಅಕ್ಕನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಪ್ರೋಗ್ರಾಮಿನ ಒಡಲಿಗೇ ಕೈಹಾಕಿ ಆ ಸಾಲನ್ನು ಕನ್ನಡಕ್ಕೆ ತಂದೆ: "ಒಳಗೆ ಜನರಿದ್ದಾರೆ. ದಯವಿಟ್ಟು ಆಮೇಲೆ ಬನ್ನಿ." ಎಷ್ಟು ವಿನಯ! ಕನ್ನಡಾಂಬೆಗೆ ನನ್ನ ಅಳಿಲು ಸೇವೆ ಎಂದುಕೊಂಡೆ. ಕೊನೆಯದಾಗಿ, ಅಕ್ಕನ ಕಂಪ್ಯೂಟರಿನ ಪರದೆಯ ಮೇಲೆ ಅವಳು ಒತ್ತಬೇಕಾದ ಚಿತ್ರದ ಕೆಳಗೆ ಒಂದು ಹೆಸರು ಬೇಕಿತ್ತು. ಬೇರೆ ಯಾರಾದರೂ ಆಗಿದ್ದರೆ "ಡಿಸೈನ್" ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ನಾನು ಭಾವುಕನಾಗಿ "ತವರುಮನೆ" ಎಂದು ಬರೆದೆ.

ಅಲ್ಲಿಂದ ಕೆಲವು ತಿಂಗಳು ಎಲ್ಲ ಸರಿಯಾಗಿ ನಡೆಯಿತು. ಬೆಳಿಗ್ಗೆ ಅಂಗಡಿ ತೆರೆದು ನೋಡಿದರೆ ಅಕ್ಕನ ಕಂಪ್ಯೂಟರ್ ಬಂದು ಹೋಗಿರುತ್ತಿತ್ತು. ಅಕ್ಕ ದಿನಾ ನಮ್ಮ ಮನೆಗೆ ಬಂದು ಹೋಗುತ್ತಾಳೆ ಎಂಬಂಥ ಸಮಾಧಾನ ನನಗೆ.

ಆಮೇಲೆ ಒಂದು ಮದುವೆ ಸೀರೆಯ ಸರದಿ ಬಂತು. ಹುಡುಗಿಯ ಕಡೆಯವರು ಅಂಚಿಗೆ ಮಾವು, ಸೆರಗಿಗೆ ನವಿಲು ಕೇಳಿದ್ದರು. ಹೆಂಡತಿ ಬರೆದು ಸರ್ವರಿಗೆ ಹಾಕಿ, ಅಕ್ಕನಿಗೆ ಫೋನ್ ಮಾಡಿ ಹೇಳಿದಳು. ಮರುದಿನ ನಾನು ಪರಶುರಾಂಪುರದಲ್ಲಿ ಒಬ್ಬರ ಜೆರಾಕ್ಸ್ ಮಷೀನಿನೊಳಗೆ ತಲೆ ಹಾಕಿಕೊಂಡಿದ್ದಾಗ ಅಕ್ಕನ ಫೋನು.

"ಏನೋ ಇದು, ಒಳಗೆ ಜನ ಅವ್ರೆ, ಆಮೇಲೆ ಬನ್ನಿ ಅಂತೈತೆ?"

"ಯಾರೋ ಒಳಗಿರ್ತಾರೆ ಅಕ್ಕ. ಸ್ವಲ್ಪ ಹೊತ್ತು ಬಿಟ್ಟು ಬಾ."

"ಯಾರವ್ರೆ?"

"ಯಾರೋ ಇರ್ತಾರೆ ಬಿಡು. ಆಮೇಲೆ ಬಾ."

ಹೆಂಡತಿ ಏನೋ ತಿದ್ದುತ್ತಿರಬೇಕು ಎಂದು ನಾನಂದುಕೊಂಡಿದ್ದೆ. ಅದನ್ನು ಬಾಯಿಬಿಟ್ಟು ಹೇಳುವಷ್ಟು ವ್ಯವಧಾನ ಇರಲಿಲ್ಲ, ಮೂಗಿನ ತುದಿಗೆ ಜೆರಾಕ್ಸಿನ ಕಪ್ಪು ಪುಡಿ ಮೆತ್ತಿತ್ತು. ಮಧ್ಯಾಹ್ನ ಅಕ್ಕ ಮತ್ತೆ ಫೋನ್ ಮಾಡಿದಳು, ಅದೇ ಪ್ರಶ್ನೆ, ಅದೇ ಉತ್ತರ. ಆಮೇಲೆ ಅವಳು ಮಾಡಲಿಲ್ಲ. ಸರಿಹೋಗಿರಬೇಕು ಎಂದು ನಾನು ನೆಮ್ಮದಿಯಾಗಿ ಮನೆಗೆ ಬಂದು ಮುದ್ದೆ ಉಂಡೆ.

ಮಾರನೆಯ ಬೆಳಿಗ್ಗೆ ಬಾವನ ಫೋನು. ಆಂಧ್ರದ ಗಡಿ ಪಕ್ಕದಲ್ಲೇ ಇರುವುದರಿಂದ ಬಾವನ ಬಾಯಲ್ಲಿ ತೆಲುಗು ಕನ್ನಡ ಬೆರೆತೇ ಬರುತ್ತವೆ. ಸಿಟ್ಟು ಬಂದರೆ ತೆಲುಗು ಮುಂದೆ.

"ಏಮಯ್ಯಾ, ನಿನ್ನ ಕಂಪ್ಯೂಟರು ಪಡುಕುಂದಾ?" ಮಲಗಿತೇನು ಎಂದು ಕೇಳಿದ್ದು. "ನಿನ್ನೆಯಿಂದ ಮಗ್ಗ ಖಾಲಿ ನಿಂತೈತೆ. ನಿಮ್ಮಕ್ಕ ಬೇರೆ ಕಡೆ ಡಿಸೈನು ಬರಿಸ್ತೀನಿ ಅಂತಾಳೆ. ತಮ್ಮ ನಮ್ಮ ಡಿಸೈನನ್ನ ಯಾರೋ ಬೇರೆ ಮಗ್ಗದವರಿಗೆ ಕೊಡ್ತಾವ್ನೆ, ಅವ್ರು ಒಳಗಿದ್ರೆ ನನ್ನ ಹೊರಗೆ ನಿಲ್ಲಿಸ್ತಾನೆ ಅಂತಾಳೆ. ಅದೇನೋ ನಿಮ್ಮಿಬ್ಬರ ವಿಷಯ. ನಾನಂತೂ ಪೆಟ್ಟಿಗೆ ಕೊಳ್ಳೋರನ್ನ ನೋಡ್ತೀನಿ."

ಮೊಳಕಾಲ್ಮೂರಿನಲ್ಲಿ ಒಬ್ಬರ ಡಿಸೈನು ಇನ್ನೊಬ್ಬರ ಮಗ್ಗಕ್ಕೆ ಹೋಗುವುದು ಎಂಥ ದ್ರೋಹ ಎಂದು ನನಗೆ ಗೊತ್ತು. ಹೆಂಡತಿಯನ್ನು ಕೇಳಿದೆ. ಅವಳು ಸರ್ವರಿನ ಕಡೆ ಹೋಗಿಯೇ ಇರಲಿಲ್ಲ. ಅಂಗಡಿಗೆ ಓಡಿದೆ. ಸರ್ವರಿನಲ್ಲಿ ಒಳಗಿರುವವರು ಯಾರು ಎಂದು ನೋಡಿದೆ. ಒಬ್ಬರೇ ಇದ್ದರು, ಹಿಂದಿನ ಬೆಳಿಗ್ಗೆಯಿಂದಲೂ ಇದ್ದರು. ವಿಳಾಸ ನೋಡಿದರೆ ಅದು ಅಕ್ಕನ ಕಂಪ್ಯೂಟರು.

ಆಗಿದ್ದಿಷ್ಟು. ಬೆಳಿಗ್ಗೆ ಅಕ್ಕ ಡಿಸೈನು ಇಳಿಸಿಕೊಳ್ಳಲು ಶುರುಮಾಡಿದ್ದಾಳೆ. ನಡುವೆ ಕರೆಂಟು ಹೋಗಿದೆ, ಅವಳ ಕಂಪ್ಯೂಟರು ಬರುತ್ತೇನೆ ಎನ್ನದೆ ಆರಿಹೋಗಿದೆ. ಇತ್ತ ನನ್ನ ಸರ್ವರಿಗೆ ಅದು ಗೊತ್ತಿಲ್ಲ. ಅಕ್ಕ ಇನ್ನೂ ಒಳಗೇ ಇದ್ದಾಳೆ, ಈಗೇನೋ ಹೇಳುತ್ತಾಳೆ ಎಂದು ಅವಳ ಜಾಗ ಹಿಡಿದುಕೊಂಡು ಕಾಯುತ್ತಿದೆ. ಕರೆಂಟು ಬಂದು ಅಕ್ಕ ಮತ್ತೆ ಬಾಗಿಲು ತಟ್ಟಿದರೆ, ಅದೇ ಸರ್ವರು, ಒಳಗೆ ಜನರಿದ್ದಾರೆ ಎಂದು ಅವಳನ್ನು ಹೊರಗೆ ನಿಲ್ಲಿಸಿದೆ. ಅವಳಿಗಾಗಿಯೇ ಅವಳನ್ನು ತಡೆದಿದೆ!

ನಾಚಿಕೆಯಾಗಬೇಕಿತ್ತು. ನನಗಾದದ್ದು ಖುಷಿ. ಕಾರಣ ಸಿಕ್ಕಿತಲ್ಲ, ಅದೂ ಎಷ್ಟು ಚೆಂದದ ಕಾರಣ! ಇದನ್ನು ಫೋನಿನಲ್ಲಿ ಹೇಳಿ ಹಾಳುಮಾಡಬಾರದು, ಎದುರಿಗೆ ಕೂತು ವಿವರಿಸಬೇಕು ಎಂದು ಹೊರಟೆ. ಹೆಂಡತಿ ಪೆನ್‌ಡ್ರೈವಿಗೆ ಡಿಸೈನು ತುಂಬಿ ಕೈಗಿಟ್ಟು, "ಇದನ್ನ ಮೊನ್ನೆನೇ ಕಂಡಕ್ಟರ್ ಕೈಲಿ ಕೊಟ್ಟಿದ್ರೆ ಇಷ್ಟೊತ್ತಿಗೆ ಅರ್ಧ ಸೀರೆ ಆಗಿರೋದು" ಅಂದಳು. ಕೇಳಿಸದವನಂತೆ ಬಸ್ಸು ಹತ್ತಿದೆ. ತಳಕು ದಾಟುವವರೆಗೂ ಅಕ್ಕನಿಗೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಎಲ್ಲಿ ನಿಲ್ಲಿಸಿದರೆ ಅವಳು ನಗುತ್ತಾಳೆ ಎಂದೂ ಯೋಚಿಸಿಟ್ಟುಕೊಂಡೆ.

ಅಕ್ಕ ಬಾಗಿಲಲ್ಲಿ ನನ್ನನ್ನು ನೋಡಿ ಚಾಪೆ ಹಾಸಿದಳು. ಚೊಂಬಿನಲ್ಲಿ ನೀರು ತಂದಿಟ್ಟು "ಕುಂತ್ಕಳ್ರಿ" ಅಂದಳು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಪರಸ್ಥಳದ ಸಾಹುಕಾರನನ್ನು ಕೂರಿಸಿದ ಹಾಗೆ ಕೂರಿಸಿದಳು. ಬಾವ ಪೆನ್‌ಡ್ರೈವ್ ಇಸಿದುಕೊಂಡು ಕಂಪ್ಯೂಟರಿನ ಬಳಿ ಹೋಗಿ ಅದನ್ನು ಚುಚ್ಚಿದ. ಸ್ವಲ್ಪ ಹೊತ್ತಿಗೆ ಒಳಗೆ ಮಗ್ಗದ ಸದ್ದು ಶುರುವಾಯಿತು. ಸೀರೆ ತಡವಾಗುವುದಿಲ್ಲ, ಪೆಟ್ಟಿಗೆಯೂ ಉಳಿಯಿತು ಎಂದು ನನಗೆ ಧೈರ್ಯ ಬಂತು. ನನ್ನ ವಿವರಣೆ ಬಿಚ್ಚಿದೆ. ಕರೆಂಟು, ಬಾಗಿಲು, ಜಾಗ, ಕಾಯುವುದು, ಎಲ್ಲ ಹೇಳಿ, "ಒಳಗಿದ್ದವಳು ನೀನೇ ಅಕ್ಕ!" ಎಂದು, ನಗಲಿ ಎಂದು ನಿಲ್ಲಿಸಿದೆ.

ಅವಳು ನಗಲಿಲ್ಲ.

"ನಾನು ಎದ್ದು ಹೋಗಿ ಒಂದಿನ ಆಗಿತ್ತು. ಅದಕ್ಕೆ ಗೊತ್ತೇ ಆಗ್ಲಿಲ್ವಾ?"

"ಅದಕ್ಕೆ ಹೆಂಗೆ ಗೊತ್ತಾಗ್ಬೇಕು ಅಕ್ಕ? ಹೋದವರು ಹೇಳ್ಬೇಕು. ಇಲ್ಲಾಂದ್ರೆ ಅದೇ ಆಗಾಗ ಇದೀಯಾ ಅಂತ ಕೇಳ್ಬೇಕು."

"ಮತ್ತೆ ಕೇಳಾಕೇನಾಗಿತ್ತು?"

"ಅದು... ನಾನೇ ಕೇಳ್ಬೇಡ ಅಂತ ಇಟ್ಟಿದ್ದೆ. ನಿನಗೆ ತೊಂದ್ರೆ ಆಗ್ಬಾರ್ದು ಅಂತ."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ಅವ್ವ ಹೋದ ಮೇಲೆ ನಾನು ನಿಮ್ಮನೆಗೆ ಬಂದೇ ಇಲ್ಲ. ಅದಾದ್ರೂ ಗೊತ್ತೈತಾ ನಿಂಗೆ?"

ಇಲ್ಲ, ಗೊತ್ತಿರಲಿಲ್ಲ. ನಮ್ಮ ಕಡೆ ಪಂಚಮಿ ಹಬ್ಬಕ್ಕೆ ಅಣ್ಣತಮ್ಮಂದಿರು ಹೋಗಿ ಹೆಣ್ಣುಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಅವ್ವ ಇದ್ದಾಗ ನನ್ನನ್ನು ಬೈದು ಬಸ್ಸು ಹತ್ತಿಸುತ್ತಿದ್ದಳು. ಅವ್ವ ತೀರಿಕೊಂಡ ಮೇಲೆ ಬೈಯುವವರಿರಲಿಲ್ಲ, ನಾನು ಹೋಗಲಿಲ್ಲ. ಹೋಗಲಿಲ್ಲ ಎಂಬುದು ನೆನಪಿಗೂ ಬರಲಿಲ್ಲ. ಬೆಳಿಗ್ಗೆ ಬೆಳಿಗ್ಗೆ ಅಕ್ಕ ಬಂದು ಹೋಗಿದ್ದಾಳೆ ಎಂದು ಪರದೆ ಹೇಳುತ್ತಿತ್ತಲ್ಲ.

"ನಡಿ ಅಕ್ಕ, ಇವತ್ತೇ ಹೋಗಾಣ. ಕರೆಯೋಕೇ ಬಂದಿದೀನಿ ಅನ್ಕೊ."

"ನೀನು ಕರೆಯೋಕೆ ಬಂದಿಲ್ಲ ಕಣಪ್ಪ. ನಿನ್ನ ಮಷೀನಿಂದು ತಪ್ಪಿಲ್ಲ ಅಂತ ಹೇಳಾಕೆ ಬಂದಿದೀಯ."

ಹೌದು, ಅದಕ್ಕೇ ಬಂದಿದ್ದೆ. ಅಷ್ಟು ದೂರ ಬಸ್ಸಿನಲ್ಲಿ ಕೂತು ಬಂದವನು, ಬಂದು ಒಂದು ಗಂಟೆಯಾದರೂ ಹೇಗಿದ್ದೀಯಾ ಎಂದು ಕೇಳಿರಲಿಲ್ಲ. ಈಗ ಕೇಳಿದೆ. ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು.

ಅಕ್ಕ ಕಾಲು ಚಾಚಿ, ಸೀರೆಯ ಮೇಲಿನಿಂದಲೇ ಮೊಣಕಾಲು ನೀವಿಕೊಂಡಳು. ಒಳಗೆ ಮಗ್ಗದ ಸದ್ದು ನಡೆದೇ ಇತ್ತು.

"ಮೊಣಕಾಲು ಹಿಡ್ಕಂಡು ಎರಡು ವರ್ಷ ಆತು. ಮಗ್ಗದ ಗುಂಡಿಗೆ ಇಳಿದ್ರೆ ಮೇಲೆ ಏಳಾಕಾಗಲ್ಲ. ಹಂಗಂತ ಹೇಳಿದ್ರೆ ಒಲೆ ಮುಂದೆ ಕೂರು ಅಂತಾರೆ, ಅದಕ್ಕೇ ಕುರ್ಚಿ ಮೇಲೆ ಕುಂತು ಮಾಡೋ ಕೆಲಸ ಬೇಕಾಗಿತ್ತು. ಇಲ್ದಿದ್ರೆ ನಿನ್ನ ಕಂಪ್ಯೂಟರು ಯಾರಿಗೆ ಬೇಕಿತ್ತೋ?"