ನರ ಅಂದದ್ದಕ್ಕೆ ನಕ್ಕರು

೧೯೬೧ರ ಮಾತು. ನವಲಗುಂದದ ಕಡೆಯ ಹಳ್ಳಿಯಿಂದ ಧಾರವಾಡಕ್ಕೆ ವಿಜ್ಞಾನ ಓದಲು ಬಂದಿದ್ದೆ. ತರಗತಿಯಲ್ಲಿ ನಾನೊಬ್ಬಳೇ ಹುಡುಗಿ. ಮುಂದಿನ ಬೆಂಚು ಪೂರ್ತಿ ನನ್ನದೇ; ಪಕ್ಕದಲ್ಲಿ ಯಾರೂ ಕುಳಿತುಕೊಳ್ಳುತ್ತಿರಲಿಲ್ಲ, ಮಾತನಾಡಿಸುತ್ತಲೂ ಇರಲಿಲ್ಲ. ಸಂಜೆ ಕೆಲಗೇರಿ ಕೆರೆಯ ದಂಡೆಗೆ ಹೋಗಿ, ಇಡೀ ದಿನ ಬಾಯಿ ಬಿಟ್ಟಿಲ್ಲವಲ್ಲ ಎಂದು ಒಬ್ಬಳೇ ಏನಾದರೂ ಮಾತನಾಡಿಕೊಳ್ಳುತ್ತಿದ್ದೆ. ಹುಚ್ಚಿ ಅಂದುಕೊಂಡವರೂ ಇರಬಹುದು.

ಅಂದು ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್. ಇಬ್ಬರಿಗೊಂದು ಸತ್ತ ಪಾರಿವಾಳ. ಜೊತೆಗಾರರಿಲ್ಲದ ನನಗೆ ಪೂರ್ತಿ ಪಾರಿವಾಳವೇ ಸಿಕ್ಕಿತು. ಎದೆಯ ಮಾಂಸದಡಿಯಿಂದ ಭುಜದತ್ತ ಹೋಗುವ ಬಿಳಿ ದಾರದಂಥದ್ದನ್ನು ತೋರಿಸಿ, ಇದೇನೆಂದು ಸರ್ ಇಂಗ್ಲಿಷಿನಲ್ಲಿ ನನ್ನನ್ನೇ ಕೇಳಿದರು. ನಮ್ಮೂರಲ್ಲಿ ಅದಕ್ಕೆ ನರ ಎನ್ನುತ್ತಾರೆ. ಕಾಲು ಉಳುಕಿದರೂ ನರ, ಕೈ ಜೋಮು ಹಿಡಿದರೂ ನರ. ನರಕ್ಕೆ ಇಂಗ್ಲಿಷಿನಲ್ಲಿ ನರ್ವ್ ಎಂದು ಉರು ಹೊಡೆದಿದ್ದೆ. ಎದ್ದು ನಿಂತು, "ನರ್ವ್, ಸರ್" ಎಂದೆ.

ಇಡೀ ತರಗತಿ ಗೊಳ್ಳೆಂದು ನಕ್ಕಿತು. ಅದು ಟೆಂಡನ್, ಮಾಂಸಖಂಡವನ್ನು ಎಲುಬಿಗೆ ಕಟ್ಟುವ ಹುರಿ. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನಿಸಿತು. ಓದು ಸಾಕು, ನಾಳೆಯೇ ಊರಿಗೆ ಹೋಗಿಬಿಡುವುದು ಎಂದು ಅಲ್ಲೇ ತೀರ್ಮಾನಿಸಿದೆ.

ಎಲ್ಲರೂ ಹೋದ ಮೇಲೆ ಕತ್ತರಿ ತೊಳೆಯುತ್ತಿದ್ದಾಗ ಸರ್ ಹತ್ತಿರ ಬಂದರು.

"ತಂಗಿ, ಮನ್ಯಾಗ ಇದಕ್ಕ ಏನಂತೀರಿ?"

"ನರ ಅಂತೇವ್ರಿ."

"ನಮ್ಮವ್ವನೂ ನರಾನ ಅಂತಿದ್ಲು. ಬಾ, ಇದನ್ನ ಜಗ್ಗಿ ನೋಡು."

"ಒಬ್ಬಾಕಿಗೆ ಆಗವಲ್ದುರಿ ಸರ್. ಹಕ್ಕೀನ ಜಾರಿ ಬರತೈತ್ರಿ."

"ಒಬ್ಬರ ಮಾಡೂ ಕೆಲಸ ಅಲ್ಲ ಅದು. ನಾ ಹಿಡೀತೇನಿ."

ಅವರು ಪಾರಿವಾಳದ ಮೈಯನ್ನು ಮೇಜಿಗೆ ಒತ್ತಿ ಹಿಡಿದರು. ನಾನು ಚಿಮಟದಿಂದ ಹುರಿಯನ್ನು ಬಾಲದ ಕಡೆಗೆ ಎಳೆದೆ. ರೆಕ್ಕೆ ಮೆಲ್ಲಗೆ ಮೇಲೆದ್ದಿತು. ಕೆಳಗೆ ಬಾಲದ ಕಡೆ ಎಳೆದರೆ ರೆಕ್ಕೆ ಮೇಲೇಳುವುದು ಹೇಗೆಂದು ಬೆರಗಾಗಿ ನೋಡಿದೆ.

"ಬಾವಿ ಗಡಗಡಿ ನೋಡಿಯಲ್ಲ?" ಎಂದರು ಸರ್. "ಹಗ್ಗ ನೀ ಕೆಳಗ ಜಗ್ಗತಿ, ಕೊಡ ಮ್ಯಾಲೆ ಬರತೈತಿ. ಭುಜದ ಎಲುಬಿನ ಸಂದ್ಯಾಗ ಈ ಹುರಿ ಹಂಗ ಹೊಳ್ಳತೈತಿ."

ಹುರಿ ಬಿಟ್ಟರೆ ರೆಕ್ಕೆ ಮತ್ತೆ ಕೆಳಗಿಳಿಯುತ್ತದೆಂದು ನನಗೆ ಬಿಡಲು ಮನಸ್ಸಾಗಲಿಲ್ಲ. ಅವರೂ ಅವಸರ ಮಾಡಲಿಲ್ಲ.

ಆ ಸಂಜೆಯೂ ಕೆರೆಯ ದಂಡೆಯಲ್ಲಿ ಒಬ್ಬಳೇ ಇದ್ದೆ. ಮರುದಿನವೂ ನನ್ನ ಬೆಂಚಿಗೆ ಯಾರೂ ಬರಲಿಲ್ಲ. ಆ ವರ್ಷ ಪೂರ್ತಿ ಬರಲಿಲ್ಲ. ಆದರೆ ನಾನು ಊರಿಗೆ ಹೋಗಲಿಲ್ಲ. ಈಗಲೂ ಹಕ್ಕಿಯೊಂದು ರೆಕ್ಕೆ ಎತ್ತುವುದನ್ನು ಕಂಡರೆ, ನನಗಾಗಿ ಪಾರಿವಾಳವನ್ನು ಒತ್ತಿ ಹಿಡಿದಿದ್ದ ಆ ಎರಡು ಕೈಗಳು ನೆನಪಾಗುತ್ತವೆ.