ಈಶಾನ್ಯಕ್ಕೆ ಹೋದ ಮೂರನೇ ತೂಬು

ಅಳವಂಡಿಯಲ್ಲಿ ಹುಟ್ಟಿ ಸಿದ್ದಾಪುರಕ್ಕೆ ಸೊಸೆಯಾಗಿ ಬಂದ ಅನುಸೂಯಾ ಮೊದಲು ಭತ್ತದ ನಾಟಿಗೆ ಹೋಗುತ್ತಿದ್ದವಳು. ಅವಳು ಪಿಯುಸಿ ಓದಿದ್ದು ಕೆಸರಿನಲ್ಲಿ ಯಾರಿಗೂ ಕಾಣುತ್ತಿರಲಿಲ್ಲ. ರೈತರ ನೀರಿನ ಸಂಘದವರು ಕಾಲುವೆಯ ಎಂಟು ತೂಬುಗಳಿಗೆ ಕ್ಯಾಮರಾ ಹಾಕಿ, ಗೇಟುಗಳಿಗೆ ಮೋಟರು ಕೂರಿಸಿ, ಆಫೀಸಿನ ಪೂರ್ವದ ಗೋಡೆಗೆ ಎಂಟು ಟಿವಿ ಬಡಿದಾಗ, ಅವುಗಳ ಮುಂದೆ ಕೂರಲು ಅವಳನ್ನು ಕರೆದರು. ಅತ್ತೆ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು: "ನಮ್ಮ ಸೊಸಿ ಕುಂತಲ್ಲೇ ನೀರು ಬಿಡತಾಳ."

ಟಿವಿಗಳ ಕೆಳಗಿನ ಕಪ್ಪು ಪೆಟ್ಟಿಗೆಗೆ ಮ್ಯಾಟ್ರಿಕ್ಸ್ ಸ್ವಿಚ್ ಎನ್ನುತ್ತಾರೆ. ಯಾವ ಕ್ಯಾಮರಾದ ಚಿತ್ರ ಯಾವ ಟಿವಿಗೆ ಹೋಗಬೇಕೆಂದು ಕಂಪ್ಯೂಟರಿನಲ್ಲಿ ಹೇಳಿದರೆ ಅದು ಹಾಗೇ ಕಳಿಸುತ್ತದೆ. ಪ್ರತಿ ಕ್ಯಾಮರಾಕ್ಕೂ ಪರದೆಯ ಮೇಲೊಂದು ಚುಕ್ಕೆ. ಲೈನು ಸರಿಯಿದ್ದರೆ ಹಸಿರು, ಕಡಿದರೆ ಕೆಂಪು.

ಸಂಘದ ಅಧ್ಯಕ್ಷ ಬಾಲಪ್ಪನವರು ಪ್ರತಿ ಟಿವಿಯ ಕೆಳಗೆ ಹಿತ್ತಾಳೆ ಫಲಕ ಹೊಡೆಸಿದ್ದರು. ತೂಬಿನ ನಂಬರು ಸಣ್ಣದು, ಅಧ್ಯಕ್ಷರ ಹೆಸರು ದೊಡ್ಡದು. ಆಮೇಲೆ ವಾಸ್ತು ಹೇಳುವವನೊಬ್ಬ ಬಂದು, ಸದಾ ನೀರು ನಿಲ್ಲುವ ಮೂರನೇ ತೂಬು ಆಗ್ನೇಯದ ಟಿವಿಯಲ್ಲಿ ಕಾಣುವುದೇ ಸಂಘಕ್ಕೆ ಕಂಟಕವೆಂದ.

"ಅನುಸೂಯವ್ವ, ನೀರು ಈಶಾನ್ಯದಾಗ ಇರಬೇಕು. ಮೂರನೇದ್ದು ಆ ಮೂಲಿಗೆ ಒಯ್ಯಿ, ಅಲ್ಲಿರೋ ಏಳನೇದ್ದು ಇಲ್ಲಿ ತಾ," ಎಂದರು ಬಾಲಪ್ಪ, ಕಾಲುವೆಯನ್ನೇ ಎತ್ತಿಡಿಸುವವರ ಗತ್ತಿನಲ್ಲಿ.

"ಫಲಕಾನೂ ಬದಲಿ ಮಾಡಬೇಕಲ್ರಿ?"

"ಅವಕ್ಕ ಪೂಜಿ ಆಗೈತಿ. ಮುಟ್ಟಬ್ಯಾಡ."

ಅವಳು ಚಿತ್ರಗಳನ್ನಷ್ಟೇ ಅದಲುಬದಲು ಮಾಡಿದಳು. ಫಲಕ ಏಳು ಎಂದರೆ ಚಿತ್ರ ಮೂರನೇ ತೂಬಿನದು, ಫಲಕ ಮೂರು ಎಂದರೆ ಏಳನೆಯದು, ಬಾಯಿಪಾಠವಾಯಿತು. ಬದಲಾವಣೆಯನ್ನು ಪೆಟ್ಟಿಗೆಯ ನೆನಪಿನಲ್ಲಿ ಉಳಿಸಲು ಬೇರೆ ಗುಂಡಿ ಒತ್ತಬೇಕು, ಇಲ್ಲದಿದ್ದರೆ ಕರೆಂಟು ಹೋಗಿ ಬಂದಾಗ ಎಲ್ಲ ಮೊದಲಿನಂತೆಯೇ ಆಗುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅಧ್ಯಕ್ಷರಿಗಂತೂ, ತಮಗೆ ಗೊತ್ತಿಲ್ಲದ್ದೂ ಇದೆಯೆಂಬುದೇ ಗೊತ್ತಿರಲಿಲ್ಲ.

ಮುಂದಿನ ವಾರ ಮೂರನೇ ಗೇಟು ಮುಚ್ಚಿ, ಆ ತೂಬೂ ಅದರ ಕೆಳಗಿನವೂ ಬಸಿದ ಮೇಲೆ, ಮೂರನೆಯದರ ಜಾಲರಿಗೆ ಸಿಕ್ಕಿದ ಅಂತರಗಂಗೆ ಕಳೆ ಕೀಳಲು ಸಂಘದ ನೀರುಗಂಟಿ ಮಲ್ಲೇಶ ಇಳಿದ. ಎರಡು ಮಕ್ಕಳ ತಂದೆ. ಅಂಗಿ, ಫೋನು ದಂಡೆಯ ಮೇಲೆ. ನಡುವೆ ಕರೆಂಟು ಹೋಗಿ ಬಂತು. ಚುಕ್ಕೆಗಳೆಲ್ಲ ಹಸಿರು.

"ಆತೇನವ್ವಾ? ನನ್ನ ಗದ್ದಿ ಒಣಗಾಕತ್ತೈತಿ," ಎಂದು ಬಾಲಪ್ಪ ಅನುಸೂಯಾಳ ಬೆನ್ನ ಹಿಂದೆಯೇ ನಿಂತರು.

ಮಲ್ಲೇಶ ಫೋನು ಎತ್ತಲಿಲ್ಲ. ಏಳು ಎಂಬ ಫಲಕದ ಟಿವಿ ನೋಡಿದಳು. ತೂಬು ಬರಿದಾಗಿತ್ತು, ಒಳಗೆ ಯಾರೂ ಇಲ್ಲ. ಮುಗಿಸಿ ಚಾಕ್ಕೆ ಹೋಗಿರಬೇಕೆಂದುಕೊಂಡು ಮೂರನೇ ಗೇಟು ತೆರೆದಳು.

ಅಷ್ಟರಲ್ಲಿ, ಮೂರು ಎಂಬ ಫಲಕದ ಟಿವಿಯಲ್ಲಿ ಜಾಲರಿಯ ನೆರಳಿನಿಂದ ಮಲ್ಲೇಶ ಹೊರಬಂದ, ತಲೆಯ ಮೇಲೆ ಕಸದ ಹೊರೆ.

ಏಳನೇ ತೂಬಿನಲ್ಲಿ ಇವನಿಗೇನು ಕೆಲಸ ಎಂದುಕೊಂಡಳು. ಮರುಗಳಿಗೆಗೆ ಅವಳಿಗೆ ಹೊಳೆಯಿತು. ಚಿತ್ರಗಳು ಹಿಂದಿನ ಜಾಗಕ್ಕೆ ಮರಳಿದ್ದವು. ಫಲಕ ನಿಜ ಹೇಳುತ್ತಿತ್ತು.

ಮುಚ್ಚುವ ಗುಂಡಿ ಒತ್ತಿದಳು. ಪೂರ್ತಿ ತೆರೆಯುವವರೆಗೂ ಆ ಮೋಟರು ಇನ್ನೊಂದು ಮಾತು ಕೇಳುವುದಿಲ್ಲ. ಮಲ್ಲೇಶ ತಲೆಯೆತ್ತಿ ನೋಡಿದ. ಹೊರೆ ಬಿತ್ತು. ಬಿಳಿ ನೊರೆ ಬಂತು. ಚುಕ್ಕೆ ಕೆಂಪಾಗಿ ಟಿವಿ ಕಪ್ಪಾಯಿತು.

"ನಾ ಇಲ್ಲಿ ಇರಲಿಲ್ಲ ಅನ್ನು," ಎಂದರು ಬಾಲಪ್ಪ.

ಮೂರನೇ ತೂಬಿನ ಪಕ್ಕ ಚಾದಂಗಡಿ ಇಟ್ಟಿದ್ದ ನಜೀರಸಾಬನಿಗೆ ಫೋನು ಹಚ್ಚಿದಳು. "ನಜೀರಣ್ಣಾ, ತೂಬಿಗೆ ಓಡು! ಒಳಗ ಮಲ್ಲೇಶ ಅದಾನ!"

"ಯಾ ಅಲ್ಲಾ! ನೀರು ಬರಾಕತ್ತೈತಲ್ಲವಾ! ಯಾರು ಬಿಟ್ಟಾರ?"

"ನಾನ ಬಿಟ್ಟೀನಿ!"

ಆಮೇಲೆ ಫೋನಿನಲ್ಲಿ ಕೇಳಿದ್ದು ಓಟದ ಸದ್ದು, ನೀರಿನ ಸದ್ದು, ಯಾರದೋ ಕೂಗು. ಅವಳು ಕಪ್ಪು ಟಿವಿಯನ್ನೇ ನೋಡುತ್ತ ನಿಂತಳು. ಅದರಲ್ಲಿ ಅವಳ ಮುಖವೇ ಕಾಣುತ್ತಿತ್ತು.

"ಅದಾನವಾ!" ನಜೀರಸಾಬ ಕೊನೆಗೆ ಏದುಸಿರಿನಲ್ಲಿ ಹೇಳಿದ. "ಜಾಲರಿ ತಬ್ಬಿ ನಿಂತಿದ್ದ. ಹಗ್ಗ ಒಗದು ಎಳದೀವಿ. ಮೊಣಕಾಲು ತರಚೈತಿ."

ಮಲ್ಲೇಶ ಫೋನು ಕಸಿದುಕೊಂಡ. "ಅಕ್ಕಾ, ನಿನ್ನೆ ನಾ ಬೈದಿದ್ದಕ್ಕ ಇಷ್ಟ್ಯಾಕ ಸಿಟ್ಟು?"



ಕ್ಯಾಮರಾ ರಿಪೇರಿಯಾಗಿ ಮತ್ತೆ ನೀರು ಬಿಡುವ ದಿನ ಮಲ್ಲೇಶ ದಂಡೆಯಿಂದ ಫೋನು ಮಾಡಿದ. "ಮ್ಯಾಲ ಅದೀನಕ್ಕಾ, ಬಿಡು."

"ಕ್ಯಾಮರಾ ಮುಂದ ಬಾ. ಕೈ ಎತ್ತು."

ಒಂದು ಟಿವಿಯಲ್ಲಿ ಎರಡು ಕೈ ಮೇಲೆದ್ದವು.

"ಈಗ ಎಡಗೈ ಅಷ್ಟ."

"ಏನು ಡ್ರಿಲ್ ಮಾಡಸ್ತೀಯೇನು?" ಎನ್ನುತ್ತಲೇ ಎತ್ತಿದ.

ಆದರೂ ಗುಂಡಿ ಒತ್ತುವ ಮುನ್ನ ಅವಳು ಎಂಟೂ ಟಿವಿಗಳನ್ನು ಇನ್ನೊಮ್ಮೆ ನೋಡಿದಳು. "ಅಲ್ಲೇ ನಿಂದ್ರು ತಮ್ಮಾ," ಎಂದಳು. "ನೀರು ಮುಂದ ಹೋಗೂತನಾ ಕೈ ಇಳಿಸಬ್ಯಾಡ."