ಗವಿಸಿದ್ದೇಶ ಮಾಸ್ತರರ ಸುಮ್ನಾಸನ

ರೇಣುಕವ್ವ ಯೋಗದ ತರಗತಿಗೆ ಮೊದಲ ಸಲ ಬಂದದ್ದು ಕಲಿಯಲಿಕ್ಕೆ. ಆದರೆ ಆ ದಿನ ಪಾಠ ಕಲಿತವರು ಗವಿಸಿದ್ದೇಶ ಮಾಸ್ತರರು.

ಮುಂಡರಗಿಯ ಹಳೆಯ ಶೇಂಗಾ ಗೋದಾಮಿನಲ್ಲಿ ಬೆಳಗಿನ ಐದೂವರೆಗೆ ಅವರ ತರಗತಿ ನಡೆಯುತ್ತಿತ್ತು. ಶೇಂಗಾದ ಚೀಲಗಳು ಹೋಗಿ ವರ್ಷಗಳಾಗಿದ್ದರೂ ಸಿಪ್ಪೆಯ ವಾಸನೆ ಗೋಡೆಗಳನ್ನು ಬಿಟ್ಟಿರಲಿಲ್ಲ. ಹಮ್ಮಿಗಿಯ ಹೊಲಗಳಲ್ಲಿ ಐವತ್ತು ವರ್ಷ ಕಳೆ ತೆಗೆದು ಬೆನ್ನು ಬಾಗಿಸಿಕೊಂಡಿದ್ದ ರೇಣುಕವ್ವ ಈಗ ಪೇಟೆಯಲ್ಲಿ ಮಗಳ ಮನೆಯಲ್ಲಿದ್ದಳು. ಬಳೆ ಮಾರುವ ಹಸೀನಾಬಿ ಓಣಿಯ ಗೆಳತಿ. ಅವಳ ಹಿಂದೆಯೇ ಒಳಗೆ ಬಂದು ಮುದುಕಿ ಗೋಡೆಯ ಬದಿಗೆ ಕುಳಿತಳು. ಅವಳೂ ಸೇರಿ ಆ ದಿನ ಹದಿನಾಲ್ಕು ಹೆಣ್ಣುಮಕ್ಕಳಾದರು.

ತಾಸು ಮುಗಿಯುತ್ತ ಬಂದಾಗ ಮಾಸ್ತರರು ರೂಢಿಯಂತೆ ಹೇಳಿದರು: "ಈಗ ಶವಾಸನ. ಎಲ್ಲಾರೂ ಹೆಣದಂಗ ಆಗ್ರಿ. ಕೈಕಾಲು ಸಡ್ಲ ಬಿಡ್ರಿ, ಕಣ್ಣು ಮುಚ್ರಿ."

ಹದಿಮೂರು ಮಂದಿ ಅಂಗಾತ ಮಲಗಿದರು. ರೇಣುಕವ್ವ ಮಾತ್ರ ಚಕ್ಕಳಮಕ್ಕಳ ಹಾಕಿ, ಕೈಗಳನ್ನು ತೊಡೆಯ ಮೇಲಿಟ್ಟು, ಬೆನ್ನು ಒಪ್ಪಿದಷ್ಟು ನೆಟ್ಟಗಾಗಿ ಕಣ್ಣು ಮುಚ್ಚಿ ಕುಳಿತಳು.

"ಯವ್ವಾ, ಮಲಗ್ರಿ. ಹೆಣದಂಗ ಅಂದ್ನಿ ನಾ."

"ಹೆಣದಂಗನ ಕುಂತೀನಲ್ರೀ ಮಾಸ್ತರ," ರೇಣುಕವ್ವ ಕಣ್ಣು ತೆರೆಯದೆಯೇ ಉತ್ತರಿಸಿದಳು. "ನಮ್ಮ ಲಿಂಗಾಯತರಾಗ ಹೆಣಾ ಎಲ್ಲಿ ಮಲಗತೈತಿ? ನಮ್ಮ ಅತ್ತಿನ್ನ ಕುಂಡ್ರಿಸೇ ಮಣ್ಣು ಕೊಟ್ಟೀವಿ, ನಮ್ಮ ಮನಿಯವ್ರನ್ನೂ ಕುಂಡ್ರಿಸೇ ಕೊಟ್ಟೀವಿ. ಮಲಗಿದ್ರ ಅದು ನಿದ್ದಿ ಆಗತೈತಿ."

ಮಲಗಿದ್ದಲ್ಲಿಂದಲೇ ಹಸೀನಾಬಿ ಅಂದಳು: "ಮಲಗಿಸೂದು ನಮ್ಮ ಮಂದ್ಯಾಗ ಬೇ ಯವ್ವಾ. ನೀ ಕುಂತಿರು, ನಾ ಮಲಗಿರ್ತೀನಿ. ಇಬ್ಬರದೂ ಖರೇನ ಆತು!"

ಗೋದಾಮು ನಕ್ಕಿತು. ಮಾಸ್ತರರು ಮಾತ್ರ ನಗಲಿಲ್ಲ. ಕೊರ್ಲಹಳ್ಳಿಯಲ್ಲಿ ತಮ್ಮ ತಂದೆಯನ್ನು ಸಮಾಧಿಯೊಳಗೆ ಕುಳ್ಳಿರಿಸಿ ಹಣೆಗೆ ವಿಭೂತಿ ಹಚ್ಚಿದ ಕೈ ಅವರದೇ. ಹನ್ನೆರಡು ವರ್ಷದಿಂದ 'ಹೆಣದಂಗ ಮಲಗ್ರಿ' ಎನ್ನುತ್ತ ಬಂದಿದ್ದರು. ಶಬ್ದ ನಾಲಿಗೆಯ ಮೇಲಿತ್ತು, ಮನಸ್ಸಿಗೆ ಇಳಿದಿರಲಿಲ್ಲ. ಮರುದಿನದಿಂದ ಆ ಮಾತನ್ನು ಬಿಟ್ಟು "ಸುಮ್ನ ಇರ್ರಿ" ಎನ್ನತೊಡಗಿದರು. ಹೆಣ್ಣುಮಕ್ಕಳು ಅದಕ್ಕೆ 'ಸುಮ್ನಾಸನ' ಎಂದು ಹೆಸರಿಟ್ಟರು. ಬೆನ್ನು ಬಾಗಿದ್ದರಿಂದ ಮಲಗಿದರೆ ರೇಣುಕವ್ವನ ತಲೆ ನೆಲಕ್ಕೆ ತಾಗುತ್ತಿರಲಿಲ್ಲ. ಮಾಸ್ತರರು ಎರಡು ಕಂಬಳಿ ಮಡಚಿ ಅವಳ ತಲೆಯ ಕೆಳಗಿಟ್ಟು ಮಲಗಿಸುತ್ತಿದ್ದರು.

ಹೀಗೆ ಮಡಚಿ, ಹೊಂದಿಸಿ ಕೊಡುವುದು ಅವರ ಕಸುಬಿನ ಗುಣ. ಮಾಸ್ತರರು ಮೂಲತಃ ದರ್ಜಿ. ಬಜಾರದಲ್ಲಿ ಒಂದೇ ಹೊಲಿಗೆ ಯಂತ್ರದ ಅಂಗಡಿ. ಮೂವತ್ತೈದರ ವಯಸ್ಸಿಗೇ ಸೊಂಟ ಹಿಡಿದು, ಗದಗಿನಲ್ಲಿ ಹದಿನೈದು ದಿನದ ಯೋಗ ಶಿಬಿರಕ್ಕೆ ಹೋದವರು ಮತ್ತೆ ಅಭ್ಯಾಸ ಬಿಡಲಿಲ್ಲ. ಅಂಗಿ ಮೈಗೆ ಹೊಂದಬೇಕು, ಮೈ ಅಂಗಿಗೆ ಹೊಂದಬಾರದು ಎಂಬ ಕಸುಬಿನ ಮಾತನ್ನೇ ಆಸನಕ್ಕೂ ಹೇಳುತ್ತಿದ್ದರು. ದಿನದ ಅಭ್ಯಾಸ ಅವರ ಪಾಲಿಗೆ ಗುಂಡಿಯ ಕಾಜಾ ಹೊಲಿದಂತೆ: ಸಣ್ಣ ಕೆಲಸ, ಮಾಡಿದರೆ ಯಾರಿಗೂ ಕಾಣದು, ಬಿಟ್ಟರೆ ಎಲ್ಲರಿಗೂ ಕಾಣುತ್ತದೆ. ಮನೆಯಲ್ಲಿ ಹೆಂಡತಿ ರೊಟ್ಟಿ ಬಡಿಯುವಾಗ ಒಲೆಯ ಬದಿಗೆ ಕುಳಿತು, ಆ ಬಡಿತಕ್ಕೆ ಸರಿಯಾಗಿ ಉಸಿರು ಎಳೆದು ಬಿಡುವುದು ಅವರಿಗೆ ಖುಷಿಯ ಸಂಗತಿ. "ಉಸಿರು ಆಮ್ಯಾಲ ಎಣಸ್ರಿ, ಮೊದಲ ರೊಟ್ಟಿ ತಿನ್ರಿ, ಆರಿ ಹೊಕ್ಕಾವ," ಎಂದು ಆಕೆ ಗದರುವವರೆಗೂ ಅದು ನಡೆಯುತ್ತಿತ್ತು.

ಎರಡು ವರ್ಷ ಹೀಗೆ ಸಾಗಿತು. ಆಮೇಲೆ ಮಾಸ್ತರರ ಎಡದೊಡೆಯ ಮೇಲಿನ ಕೀಲು ನೋಯತೊಡಗಿತು. ಗದಗಿನ ಡಾಕ್ಟರು ಎಕ್ಸ್‌ರೇ ತೆಗೆಸಿ ನೋಡಿ, "ಕೀಲು ಸವದೈತ್ರಿ. ನೆಲದ ಮ್ಯಾಲ ಕಾಲು ಮಡಚಿ ಕುಂಡ್ರೂದು ಇನ್ನ ಸಾಕು," ಎಂದರು.

ಮುಂಡರಗಿಯ ಬಸ್ಸಿನಲ್ಲಿ ಮರಳುವಾಗ ಮಾಸ್ತರರಿಗೆ ನೋವಿಗಿಂತ ನಾಚಿಕೆಯೇ ಹೆಚ್ಚಾಯಿತು. ಯೋಗ ಮಾಡೇ ಕಾಲು ಕೆಡಿಸಿಕೊಂಡ ಎಂದು ಮಂದಿ ಅನ್ನದಿರುವರೇ? ತಾನೇ ಕೂಡಲಾರದವನ ಮಾತು ಕೇಳಲು ಹದಿನಾಲ್ಕು ಹೆಣ್ಣುಮಕ್ಕಳು ನಸುಕಿನಲ್ಲಿ ಏಕೆ ಎದ್ದು ಬಂದಾರು? ತರಗತಿ ಹೋದರೆ ತಮ್ಮ ಬೆಳಗಿಗೆ ಉಳಿಯುವುದೇನು? ಅಂದಿನಿಂದ ಅವರು ನೆಲಕ್ಕೆ ಕೂಡುವುದನ್ನು ಬಿಟ್ಟರು. ಕೈ ಹಿಂದೆ ಕಟ್ಟಿ ಸಾಲುಗಳ ನಡುವೆ ಅಡ್ಡಾಡುತ್ತ, "ನೀವು ಮಾಡ್ರಿ, ನಾ ನೋಡತೀನಿ," ಎನ್ನುತ್ತಿದ್ದರು. ಏಳು ತಿಂಗಳು ಯಾರಿಗೂ ಗೊತ್ತಾಗಲಿಲ್ಲ.

ಒಂದು ಬೆಳಿಗ್ಗೆ ಹಸೀನಾಬಿ ತನ್ನ ತಂಗಿಯನ್ನು ಕರೆತಂದಳು. "ಸರ್, ಇಕಿ ಗುಲ್ನಾಜ, ಲಕ್ಷ್ಮೇಶ್ವರದಾಕಿ. ನಿಮ್ಮ ಪದ್ಮಾಸನಾ ಒಮ್ಮಿ ತೋರಸ್ರಿ ಇಕಿಗೆ. ನೀವು ಕುಂತದ್ದ ನೋಡಿ ನಮಗೂ ಭಾಳ ದಿನಾ ಆತು."

ಇಲ್ಲವೆಂದರೆ ಗುಟ್ಟು ಬಯಲಾಗುತ್ತಿತ್ತು. ಮಾಸ್ತರರು ಹಲ್ಲು ಕಚ್ಚಿ ಕುಳಿತರು. ಕುಳಿತಲ್ಲಿಂದಲೇ ತರಗತಿ ಮುಗಿಸಿದರು. ಸುಮ್ನಾಸನವೂ ಆಯಿತು, ಜಮಖಾನೆಗಳನ್ನು ಸುತ್ತಿಟ್ಟದ್ದೂ ಆಯಿತು. ಮಾಸ್ತರರು ಇದ್ದಲ್ಲಿಯೇ ಇದ್ದರು.

"ಇನ್ನೂ ಧ್ಯಾನಾನೇನ್ರಿ?" ರೇಣುಕವ್ವ ಕೇಳಿದಳು.

"ಹೂಂ."

ಹಣೆಯ ಮೇಲಿನ ಬೆವರನ್ನು ಅವಳು ಕಂಡಳು. ಹತ್ತಿರ ಬಂದು ದನಿ ತಗ್ಗಿಸಿದಳು: "ತಮ್ಮಾ, ಖರೆ ಹೇಳು. ಏಳಾಕ ಬರವಲ್ದು, ಹೌದಿಲ್ಲೋ?"

ಹಸೀನಾಬಿ ಒಂದು ತೋಳು, ಗುಲ್ನಾಜ ಒಂದು ತೋಳು ಹಿಡಿದು ಎಬ್ಬಿಸಿದರು. ಗೋಡೆಗೆ ಒರಗಿ ನಿಂತು ಮಾಸ್ತರರು ಡಾಕ್ಟರು ಹೇಳಿದ್ದು, ತಾವು ಮುಚ್ಚಿಟ್ಟಿದ್ದು, ಎಲ್ಲವನ್ನೂ ಹೇಳಿದರು. "ನಾಳಿಂದ ತರಗತಿ ಇಲ್ರೀ. ಕುಂಡ್ರಾಕ ಬರದಾಂವ ಏನು ಕಲಿಸ್ಯಾನು?"

ರೇಣುಕವ್ವ ತನ್ನ ಎರಡು ಕಂಬಳಿಗಳನ್ನು ತಂದು ಅವರ ಮುಂದೆ ಹಿಡಿದಳು.

"ನನಗ ಮಲಗಾಕ ಬರತಿದ್ದಿಲ್ಲ. ನೀ ನನ್ನ ಮನಿಗೆ ಕಳಿಸಿದೇನು? ಇವನ್ನ ಮಡಚಿ ಇಟ್ಟಿ. ಅಂಗಡ್ಯಾಗ ಮಿಷನ್ ಮುಂದ ದಿನಾ ಸ್ಟೂಲಿನ ಮ್ಯಾಲ ಕುಂಡ್ರತಿ, ಅಲ್ಲಿ ನಾಚಿಕಿ ಬರೂದಿಲ್ಲ, ಇಲ್ಲಿ ಬರತೈತಿ?" ಆಮೇಲೆ ಬಾಯಿ ತುಂಬ ನಕ್ಕು ಅಂದಳು: "ಪದ್ಮಾಸನದ ಚಿಂತಿ ಬಿಡೋ ತಮ್ಮಾ. ಕಡೀಕ ನಿನ್ನೂ ನನ್ನೂ ಮಂದೀನ ಕುಂಡ್ರಸತಾರ, ಭಾಳ ಚಲೋ ಕುಂಡ್ರಸತಾರ. ಅಲ್ಲೀತನಾ ಸ್ಟೂಲಿನ ಮ್ಯಾಲ ಕುಂಡ್ರು."

ಮೊದಲು ನಕ್ಕವರು ಮಾಸ್ತರರೇ.

ಮರುದಿನ ಐದು ಗಂಟೆಗೆ ಅವರು ಅಂಗಡಿಯ ಸ್ಟೂಲನ್ನು ಬಗಲಲ್ಲಿ ಹಿಡಿದು ಬಜಾರದಲ್ಲಿ ನಡೆದರು. ಒಲೆ ಹೊತ್ತಿಸುತ್ತಿದ್ದ ಚಹಾದಂಗಡಿಯ ಖಲೀಲ, "ಏನ್ರೀ ಟೇಲರ್, ಮಿಷನ್ನ ಯಾರರ ಕದ್ದು ಒಯ್ದ್ರೇನು, ಬರೇ ಸ್ಟೂಲ್ ಉಳದೈತಿ?" ಎಂದು ಕೇಳಿದ. ಮಾಸ್ತರರು ಕಾಲಿನ ಕಥೆಯನ್ನು ಏನೂ ಮುಚ್ಚದೆ ಅವನಿಗೆ ಹೇಳಿದರು. ಹತ್ತು ಗಂಟೆಯ ಹೊತ್ತಿಗೆ ಊರಿಗೆಲ್ಲ ಖಬರು ಮುಟ್ಟಿತ್ತು. ತರಗತಿಯಿಂದ ಒಬ್ಬರೂ ಕಡಿಮೆಯಾಗಲಿಲ್ಲ.

ಈಗ ಗೋದಾಮಿನಲ್ಲಿ ಸ್ಟೂಲುಗಳದೇ ಒಂದು ಸಾಲಿದೆ. ಮಂಡಿ ಮಡಚಲಾಗದೆ ಮನೆಯಲ್ಲಿದ್ದ ನಾಲ್ವರು ಹೊಸದಾಗಿ ಬಂದಿದ್ದಾರೆ. ರೇಣುಕವ್ವನಿಗೆ ಒಂದೇ ಕಂಬಳಿ ಸಾಕಾಗುತ್ತದೆ. ತಾಸಿನ ಕೊನೆಗೆ "ಸುಮ್ನ ಇರ್ರಿ" ಎಂದು ಹೇಳಿ, ಮಾಸ್ತರರು ಸ್ಟೂಲಿನ ಮೇಲೆಯೇ ಕೈಗಳನ್ನು ತೊಡೆಗಿಟ್ಟು ಕಣ್ಣು ಮುಚ್ಚುತ್ತಾರೆ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ, ಒಂದೇ ಕಣ್ಣು ತೆರೆದು ನೋಡಿದ ಮುದುಕಿಯ ದನಿ ಬರುತ್ತದೆ:

"ಮಾಸ್ತರ, ಅಷ್ಟು ನೆಟ್ಟಗ ಕುಂಡ್ರಬ್ಯಾಡ್ರಿ. ಇನ್ನೂ ಟೈಮ್ ಐತಿ."